ಹೆಂಡತಿ ಬಂದರೆ ಬರುವ ನೆಟ್

ಸಾಹೇಬರು ಬಾಯಿ ತೆರೆದದ್ದು ಮಾತಾಡುವುದಕ್ಕೇ ಹೊರತು ಆಕಳಿಸುವುದಕ್ಕಲ್ಲ. ಆದರೆ ಅದನ್ನು ನಂಬುವವರು ಯಾರು? ಹಿಂದಿನ ದಿನದ ವಿಡಿಯೊ ಮೀಟಿಂಗಿನಲ್ಲಿ ವಿಭಾಗದ ಮುಖ್ಯಸ್ಥೆ ಮೇಡಂ ಈ ವರ್ಷದ ಗುರಿಗಳ ಬಗ್ಗೆ ಮನಮುಟ್ಟುವಂತೆ ಮಾತಾಡುತ್ತಿದ್ದರು. "ನಿಜ ಮೇಡಂ" ಎನ್ನೋಣವೆಂದು ಸಾಹೇಬರು ಬಾಯಿ ತೆರೆದರು. ಸರಿಯಾಗಿ ಆ ಗಳಿಗೆಯಲ್ಲೇ ಅವರ ಮನೆಯ ಇಂಟರ್‌ನೆಟ್ ಕೈಕೊಟ್ಟಿತು. ಮಾತು ಆಚೆ ತಲುಪಲಿಲ್ಲ, ಬಾಯಿ ಮಾತ್ರ ತಲುಪಿತು. ಮೇಡಂ ಭಾಷಣ ಮುಗಿಸುವವರೆಗೂ ಎಲ್ಲ ಸಹೋದ್ಯೋಗಿಗಳ ಸ್ಕ್ರೀನಿನ ಮೇಲೆ ಸಾಹೇಬರು ಕಣ್ಣು ಅರೆಮುಚ್ಚಿ, ಬಾಯಿ ಅಗಲಿಸಿ, ದವಡೆ ಹಲ್ಲಿಗೆ ತುಂಬಿಸಿದ ಬೆಳ್ಳಿಯೂ ಕಾಣುವಂತೆ ನಿಂತುಬಿಟ್ಟಿದ್ದರು. ನೆಟ್ ಮರಳಿ ಬಂದಾಗ ಅವರಿಗೆ ಮೊದಲು ಕೇಳಿಸಿದ್ದು, "ನಿದ್ದೆ ಬಂದಿದ್ರೆ ಮಲಗಿ ಸಾಹೇಬ್ರೇ, ನಾವು ಸದ್ದು ಮಾಡಲ್ಲ" ಎಂಬ ಮೇಡಮ್ಮಿನ ಮಾತು.

ಸಾಹೇಬರು ಎಂದರೆ ದೊಡ್ಡ ಹುದ್ದೆಯವರೇನಲ್ಲ. ವಿಮಾ ಕಂಪನಿಯೊಂದರಲ್ಲಿ, ಸಾಗಣೆಯಲ್ಲಿ ಒಡೆದುಹೋದ ಸಾಮಾನುಗಳ ವಿಭಾಗದಲ್ಲಿ ಹಿರಿಯ ಗುಮಾಸ್ತರು. ಬೇರೆಯವರ ಬಿರುಕು ಬಿಟ್ಟ ಕನ್ನಡಿ, ಸೊಟ್ಟಗಾದ ಫ್ರಿಜ್ಜು, ಕಾಲು ಮುರಿದ ಮಂಚಗಳ ಫೋಟೊ ನೋಡಿ "ಅಯ್ಯೋ ಪಾಪ" ಎನ್ನುವುದು, ಆಮೇಲೆ ಎಷ್ಟು ಕಡಿಮೆ ಪರಿಹಾರ ಕೊಟ್ಟು ಪಾರಾಗಬಹುದೆಂದು ಯೋಚಿಸುವುದು ಅವರ ಕೆಲಸ. ಮನೆಯಿಂದಲೇ ಕೆಲಸ ಮಾಡಬಹುದೆಂದಾದ ಮೇಲೂ ಅವರು ದಿನಾ ಬೆಳಿಗ್ಗೆ ಕೋಟು ಹಾಕಿಯೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಕೋಟಿನ ಕೆಳಗೆ ಮಾತ್ರ ಹೂವಿನ ಚಿತ್ತಾರದ ಪೈಜಾಮ. ಸೊಂಟದಿಂದ ಮೇಲಕ್ಕೆ ಸಾಹೇಬರು ಎಂದು ನೆರೆಯವರು ತಮಾಷೆಗೆ ಶುರುಮಾಡಿದ ಹೆಸರು ಈಗ ಪೂರ್ತಿ ದೇಹಕ್ಕೇ ಅಂಟಿಕೊಂಡಿತ್ತು.

ಇವತ್ತು ಬೆಳಿಗ್ಗೆ ಕೋಟಿನ ಗುಂಡಿ ಹಾಕುತ್ತಿರುವಾಗಲೇ ಮೇಡಂ ಫೋನು ಮಾಡಿದರು.

"ಸಾಹೇಬ್ರೇ, ಇವತ್ತು ನಾಲ್ಕು ಗಂಟೆ ಮೀಟಿಂಗಿಗೆ ಹೆಡ್ಡಾಫೀಸಿನವರೂ ಇರ್ತಾರೆ. ಇವತ್ತೂ ನೀವು ಗೋಡೆ ಮೇಲಿನ ಫೋಟೊ ಥರ ನಿಂತ್ಬಿಟ್ರೆ ನಾಳೆಯಿಂದ ಆಫೀಸಿಗೇ ಬಂದ್ಬಿಡಿ. ನಿಮ್ಮ ಕುರ್ಚಿ ಇನ್ನೂ ಖಾಲೀನೇ ಇದೆ."

ಆಫೀಸಿನ ಮೇಲೆ ಸಾಹೇಬರಿಗೆ ದ್ವೇಷವೇನೂ ಇರಲಿಲ್ಲ. ಎರಡು ಬಸ್ಸು ಬದಲಾಯಿಸುವುದನ್ನೂ ಸಹಿಸಿಯಾರು. ಅವರ ಸಂಕಟವೆಲ್ಲ ಮಧ್ಯಾಹ್ನದ ಊಟದ್ದು. ಇಷ್ಟು ವರ್ಷ ಅವರು ಗೋಡೆ ನೋಡುತ್ತ ತಣ್ಣಗಿನ ಊಟ ಮಾಡಿದವರು. ಈಗ ಮಧ್ಯಾಹ್ನವಾದರೆ ಸಾಕು, ಒಳಕೋಣೆಯಲ್ಲಿ ಅಂಗಡಿಯೊಂದಕ್ಕೆ ಕಿಟಕಿಯ ಪರದೆ ಹೊಲಿಯುವ ಹೆಂಡತಿ ಕತ್ತರಿ ಕೆಳಗಿಡುವಳು, ಇವರು ಕಂಪ್ಯೂಟರ್ ಮುಚ್ಚುವರು, ಇಬ್ಬರೂ ಎದುರುಬದುರು ಕೂತು ಬಿಸಿಬಿಸಿ ಉಣ್ಣುವರು. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. "ಉಪ್ಪು ಸರಿ ಇದೆಯಾ?" "ಇದೆ." ಇಷ್ಟೇ. ಆದರೆ ಮದುವೆಯಾದ ಇಷ್ಟು ವರ್ಷಕ್ಕೆ ಹಗಲು ಹೊತ್ತಿನಲ್ಲಿ ಹೆಂಡತಿಯ ಮುಖ ನೋಡುತ್ತ ಉಣ್ಣುವ ಸುಖ ಅವರಿಗೆ ಮೊದಲ ಸಲ ಸಿಕ್ಕಿತ್ತು. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬಿಡಲು ಮಾತ್ರ ಸುತರಾಂ ಮನಸ್ಸಿರಲಿಲ್ಲ.

ಆದ್ದರಿಂದ ಅವರು ಪೈಜಾಮ ಮೇಲೆತ್ತಿ ಕಟ್ಟಿಕೊಂಡು ನೆಟ್ ರಿಪೇರಿಗೆ ಇಳಿದರು.

ಮೊದಲು ಕೇಬಲ್‌ನವನಿಗೆ ಫೋನು ಹೋಯಿತು. ಅವನು ಎಂದಿನಂತೆ "ಆಫ್ ಮಾಡಿ ಆನ್ ಮಾಡಿ ಸಾರ್" ಎಂದ.

"ಅದನ್ನೇ ಮಾಡಿ ಮಾಡಿ ಸ್ವಿಚ್ಚು ಸವೆದು ಹೋಗಿದೆಯಪ್ಪ. ಒಂದ್ಸಲ ಬಂದು ನೋಡು."

"ಬರ್ತೀನಿ ಸಾರ್. ಬಂದಾಗ ಮಾತ್ರ ನಿಮ್ಮನೇಲಿ ಚೆನ್ನಾಗೇ ಇರುತ್ತಲ್ಲ ಸಾರ್, ನಾನೇನು ನೋಡ್ಲಿ?"

ಅದೂ ನಿಜವೇ. ಅವನು ಈಗಾಗಲೇ ಹಲವು ಸಲ ಬಂದಿದ್ದ. ಬಂದಾಗಲೆಲ್ಲ ಹೆಂಡತಿ ಕೆಲಸ ಬಿಟ್ಟು ಬಂದು ಅವನಿಗೆ ಕುಡಿಯಲು ಕೊಟ್ಟು, ಅವನ ಮಗುವಿನ ಹಲ್ಲು ಬಂತೇ ಎಂದು ವಿಚಾರಿಸುತ್ತಿದ್ದಳು. ಅಷ್ಟು ಹೊತ್ತೂ ನೆಟ್ ನೀರು ಹರಿದ ಹಾಗೆ ಹರಿಯುತ್ತಿತ್ತು. ಅವನು ಮೆಟ್ಟಿಲಿಳಿದು ಗಾಡಿ ಹತ್ತಿದ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ರಾಗ.

ಸಾಹೇಬರು ತಾವೇ ಕಪಾಟಿನ ಹಿಂದೆ ತೂರಿಕೊಂಡರು. ಮೋಡೆಮಿಗೆ ಬರುವ ಕೇಬಲ್ಲು ಹಿಡಿದು ಅಲುಗಿಸಿದರು, ತಿರುವಿದರು, ಬಾಯಿಂದ ಊದಿದರು. ಕಂಪ್ಯೂಟರಿನಲ್ಲಿ ನೆಟ್ಟಿನ ವೇಗ ತೋರಿಸುವ ಮುಳ್ಳು ನೆಲಕ್ಕೆ ಅಂಟಿದಂತೆ ಮಲಗಿತ್ತು. ಕತ್ತಲಲ್ಲಿ ಏನೂ ಕಾಣದೆ ಅವರು ಕೂಗಿದರು.

"ಇವಳೇ, ಸ್ವಲ್ಪ ಟಾರ್ಚ್ ಹಿಡೀ ಬಾ."

ಒಳಕೋಣೆಯ ಸದ್ದು ನಿಂತಿತು. ಹೆಂಡತಿ ಬಂದು ಟಾರ್ಚ್ ಹಿಡಿದಳು. ಸಾಹೇಬರು ಕಪಾಟಿನ ಸಂದಿಯಿಂದ ಕತ್ತು ಹೊರಗೆ ಹಾಕಿ ನೋಡಿದರೆ ಮುಳ್ಳು ಧಿಗ್ಗನೆದ್ದು ಮೇಲಕ್ಕೇರಿತ್ತು.

"ಬಂತು ಬಂತು. ಅಂತೂ ಸರಿಯಾಯ್ತು."

"ಒಳ್ಳೇದಾಯ್ತು. ನನಗೆ ಕೆಲಸ ಇದೆ" ಎಂದು ಹೆಂಡತಿ ಒಳಗೆ ಹೋದಳು. ಸಾಹೇಬರು ಕೋಟಿನ ಧೂಳು ಕೊಡವಿ, ಹೆಮ್ಮೆಯಿಂದ ಕುರ್ಚಿಯಲ್ಲಿ ಕೂತರು. ಮುಳ್ಳು ಮತ್ತೆ ಮಲಗಿತು.

ಇದು ಹೀಗೇ ನಡೆಯಿತು. ಅವಳು ಬಂದರೆ ಏಳುತ್ತದೆ, ಹೋದರೆ ಬೀಳುತ್ತದೆ. ನಾಲ್ಕಾರು ಸಲ ಹೀಗಾದ ಮೇಲೆ ಸಾಹೇಬರ ತಲೆಯಲ್ಲಿ ಒಂದು ಅನುಮಾನ ಹುಟ್ಟಿತು. ಬುದ್ಧಿವಂತರ ತಲೆಯಲ್ಲಿ ಹುಟ್ಟುವ ಅನುಮಾನ ಬೇಗ ಸಾಯುವುದಿಲ್ಲ. ಅವರು ಸುಮ್ಮನೆ ಒಂದು ಪರೀಕ್ಷೆ ಮಾಡಿದರು.

"ಇವಳೇ, ಒಂಚೂರು ಬಾ."

"ಟಾರ್ಚ್ ತರ್ಲಾ?"

"ಬೇಡ, ನೀನು ಬಂದ್ರೆ ಸಾಕು."

ಹೆಂಡತಿ ಬಂದು ಬರಿಗೈಯಲ್ಲಿ ನಿಂತಳು. ಮುಳ್ಳು ಎದ್ದಿತು. ಸಾಹೇಬರು ಹೆಂಡತಿಯನ್ನು, ಮೋಡೆಮನ್ನು, ಮತ್ತೆ ಹೆಂಡತಿಯನ್ನು ಕಣ್ಣು ಕಣ್ಣು ಬಿಟ್ಟು ನೋಡಿದರು.

"ಏನ್ರೀ ಹಾಗೆ ನೋಡ್ತೀರಾ?"

"ನಿನ್ನಲ್ಲಿ ಏನೋ ಇದೆ ಕಣೇ."

ಇಷ್ಟು ವರ್ಷಗಳಲ್ಲಿ ಗಂಡ ಇಂಥ ಮಾತು ಆಡಿದ್ದೇ ಇಲ್ಲವಾದ್ದರಿಂದ ಆಕೆಗೆ ಖುಷಿಪಡಬೇಕೋ ಗಾಬರಿಯಾಗಬೇಕೋ ತಿಳಿಯಲಿಲ್ಲ.

ಅಷ್ಟು ಹೊತ್ತಿಗೆ ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಕಲಿಸಲು ಮಕ್ಕಳಿಲ್ಲದೆ, ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಅಲ್ಲಿಗೆ ಹೋಗಿ ಪಾಠ ಮಾಡುತ್ತಿದ್ದರು. ಸಾಹೇಬರು ನಡೆದದ್ದನ್ನೆಲ್ಲ ಹೇಳಿದರು. ಮೇಷ್ಟ್ರು ನಗುತ್ತಾರೆ ಎಂದುಕೊಂಡಿದ್ದರೆ ಅವರು ಗಂಭೀರವಾಗಿ ಗಲ್ಲ ಕೆರೆದುಕೊಂಡರು.

"ಇದ್ರಲ್ಲಿ ಆಶ್ಚರ್ಯ ಏನೂ ಇಲ್ಲ. ಮನುಷ್ಯನ ದೇಹ ಅಂದ್ರೆ ಒಂದು ಆಂಟೆನಾ. ಹಿಂದೆ ರೇಡಿಯೊ ಮುಟ್ಟಿದ್ರೆ ಸ್ಟೇಷನ್ ಸರಿಯಾಗ್ತಿರ್ಲಿಲ್ವಾ? ಕೆಲವರ ದೇಹಕ್ಕೆ ಆ ಗುಣ ಜಾಸ್ತಿ."

"ಹಾಗಾದ್ರೆ ನಂಗ್ಯಾಕಿಲ್ಲ ಮೇಷ್ಟ್ರೇ?"

"ನೀವು ದಿನವಿಡೀ ಕೂತೇ ಇರ್ತೀರಿ. ಕೂತಿರೋ ಆಂಟೆನಾ ಎಲ್ಲಿಯಾದ್ರೂ ಕೆಲಸ ಮಾಡುತ್ತಾ?"

ಎದುರು ಮನೆಯ ಬಾಗಿಲು ತೆರೆಯಿತು. ಆ ಮನೆಯ ಹಿರಿಯ ಹೆಂಗಸನ್ನು ಕಟ್ಟಡದವರೆಲ್ಲ ಅಕ್ಕ ಎನ್ನುತ್ತಿದ್ದರು. ಅಕ್ಕನ ಕಿವಿಗೆ ಎರಡು ಬಾಗಿಲು, ಒಂದು ಗೋಡೆ ಏನೇನೂ ಅಡ್ಡಿಯಾಗುತ್ತಿರಲಿಲ್ಲ.

"ಅಂದ್ರೆ ನಾನು ನಿಂತ್ರೂ ನೆಟ್ ಬರುತ್ತಾ?" ಎನ್ನುತ್ತಲೇ ಆಕೆ ಒಳಗೆ ಬಂದರು. "ನಮ್ಮನೇಲೂ ಒಂದು ತಿಂಗಳಿಂದ ಇದೇ ಗೋಳು. ಧಾರಾವಾಹೀಲಿ ಅತ್ತೆ ಕೈ ಎತ್ತಿದ್ರೆ ಸೊಸೆ ಕೆನ್ನೆಗೆ ಏಟು ಬೀಳೋಕೆ ಅರ್ಧ ಗಂಟೆ ಆಗುತ್ತೆ."

ಪ್ರಯೋಗ ಶುರುವಾಯಿತು. ಹೆಂಡತಿಯನ್ನು ಒಳಗೆ ಕಳಿಸಿ ಮೋಡೆಮಿನ ಪಕ್ಕ ಅಕ್ಕನನ್ನು ನಿಲ್ಲಿಸಿದರು. ಮುಳ್ಳು ಮಲಗಿತು. ಅಕ್ಕ ಒಂದು ಕೈ ಎತ್ತಿದರು, ಎರಡೂ ಕೈ ಎತ್ತಿದರು, ಚಪ್ಪಲಿ ಬಿಚ್ಚಿ ನಿಂತರು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮೇಷ್ಟ್ರು ಸ್ವತಃ ಉತ್ತರಕ್ಕೆ ಮುಖ ಮಾಡಿ, ಕೈಗಳನ್ನು ರೆಕ್ಕೆಯಂತೆ ಚಾಚಿ ನಿಂತರು. ಭೂಗೋಳದ ಅಭಿಮಾನದಿಂದ ನಾಲ್ಕು ದಿಕ್ಕಿಗೂ ತಿರುಗಿದರು. ಯಾವ ದಿಕ್ಕೂ ಅವರ ಮಾನ ಉಳಿಸಲಿಲ್ಲ. ಹೆಂಡತಿಯನ್ನು ಮತ್ತೆ ಕರೆದರು. ಅವಳು ಇನ್ನೂ ಹೊಸ್ತಿಲು ದಾಟುವ ಮೊದಲೇ ಮುಳ್ಳು ಎದ್ದು ಕುಣಿಯಿತು.

"ನೋಡಿದ್ರಾ?" ಎಂದರು ಮೇಷ್ಟ್ರು, ಸೋತರೂ ಗೆದ್ದವರಂತೆ. "ಇವರದು ಅಪರೂಪದ ದೇಹ."

"ಸಾಕು ಸುಮ್ನಿರಿ ಮೇಷ್ಟ್ರೇ" ಎಂದಳು ಹೆಂಡತಿ. ಅವಳ ಸಹನೆ ಮುಗಿಯುತ್ತ ಬಂದಿತ್ತು. "ಸಂಜೆಗೆ ಅಂಗಡಿಗೆ ಪರದೆ ಕಳಿಸ್ಬೇಕು, ಇನ್ನೂ ಅರ್ಧಕ್ಕರ್ಧ ಬಾಕಿ. ನಾನು ಹೊಲಿಗೆ ಹೊಲೀಲಾ, ಇಲ್ಲಿ ನಿಂತು ನಿಮ್ಮ ಪೆಟ್ಟಿಗೆ ಕಾಯ್ಲಾ?"

"ನಾಲ್ಕು ಗಂಟೆಗೆ ಮೀಟಿಂಗು ಕಣೇ" ಎಂದರು ಸಾಹೇಬರು. ಅವರ ದನಿ ಸಣ್ಣದಾಗಿತ್ತು. "ಇವತ್ತು ಕೆಟ್ರೆ ನಾಳೆಯಿಂದ ಆಫೀಸು. ಮಧ್ಯಾಹ್ನ..." ಎಂದು ಮುಂದಕ್ಕೆ ಹೇಳಲಾರದೆ ಊಟದ ಮೇಜಿನ ಕಡೆ ನೋಡಿದರು.

ಹೆಂಡತಿಯೂ ಆ ಕಡೆ ನೋಡಿದಳು. ಅವಳ ಸಿಟ್ಟು ಅಲ್ಲಿಗೇ ಇಳಿಯಿತು.

"ಒಂದು ಕೆಲಸ ಮಾಡೋಣ. ನನ್ನ ಮೆಷೀನನ್ನೇ ಎತ್ತಿ ತಂದು ಈ ಪೆಟ್ಟಿಗೆ ಪಕ್ಕ ಇಡಿ. ನಾನು ಇಲ್ಲೇ ಕೂತು ಹೊಲೀತೀನಿ. ನೆಟ್ಟೂ ಬರುತ್ತೆ, ಕೆಲಸಾನೂ ಆಗುತ್ತೆ."

ಎಲ್ಲರಿಗೂ ಇದು ಚಿನ್ನದಂಥ ಉಪಾಯ ಎನಿಸಿತು. ಹಿಂದಿನ ತಿಂಗಳು, ಹೆಂಡತಿಗೆ ಕಾಲಲ್ಲಿ ತುಳಿದು ತುಳಿದು ಮಂಡಿ ನೋವು ಬಂದದ್ದನ್ನು ನೋಡಲಾರದೆ, ಸಾಹೇಬರು ಹಳೆಯ ಮೆಷೀನು ತೆಗೆಸಿ ಕರೆಂಟಿನ ಮೆಷೀನು ಕೊಡಿಸಿದ್ದರು. ಸಾಹೇಬರೂ ಮೇಷ್ಟ್ರೂ ಅದನ್ನು ಮೇಜು ಸಮೇತ ಎತ್ತಿಕೊಂಡು, ಬಾಗಿಲಿಗೊಮ್ಮೆ ಗೋಡೆಗೊಮ್ಮೆ ಗುದ್ದಿಸಿ, ಮೇಷ್ಟ್ರ ಹೆಬ್ಬೆರಳಿಗೂ ಸ್ವಲ್ಪ ಗುದ್ದಿಸಿ, ಅಂತೂ ಮೋಡೆಮಿನ ಮಗ್ಗುಲಿಗೆ ತಂದಿಟ್ಟರು. ಹೆಂಡತಿ ಕೂತಳು. ಮುಳ್ಳು ಗರಿಷ್ಠಕ್ಕೇರಿತ್ತು. ಸಾಹೇಬರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹೆಂಡತಿ ಪರದೆಯ ಅಂಚು ಮಡಿಸಿ ಸೂಜಿಯ ಕೆಳಗಿಟ್ಟು ಪೆಡಲ್ ಒತ್ತಿದಳು.

ಟರ್ರ್ ಎಂದಿತು ಮೆಷೀನು. ಮೋಡೆಮಿನ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು.

ಅವಳು ಕಾಲು ತೆಗೆದಳು. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಒತ್ತಿದಳು, ಆರಿದವು. ಬಿಟ್ಟಳು, ಹತ್ತಿದವು. ಮೇಷ್ಟ್ರು ಚಾಚಲು ಅರ್ಧ ಎತ್ತಿದ್ದ ಕೈಗಳನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡರು.

"ಅಂದ್ರೆ ನನ್ನ ದೇಹ ಅಲ್ಲ, ಇದು" ಎಂದಳು ಹೆಂಡತಿ. "ನೀವು ಕರೆದಾಗೆಲ್ಲ ನಾನು ಇದನ್ನ ನಿಲ್ಸಿ ಬರ್ತಿದ್ದೆ."

ಕೇಬಲ್‌ನವನಿಗೆ ಮತ್ತೆ ಫೋನು ಮಾಡಿದರು. ಅವನು ಎಲ್ಲವನ್ನೂ ಕೇಳಿ, "ಹಾಂ, ಕೆಲವು ಮೋಟಾರು ಹಾಗೇ ಸಾರ್. ಒಳಗೆ ಕಿಡಿ ಹಾರುತ್ತೆ. ನಿಮ್ಮ ಬಿಲ್ಡಿಂಗಿನ ಕೇಬಲ್ಲು ಹಳೇದು, ಜಾಯಿಂಟೆಲ್ಲ ಸಡಿಲ, ಆ ಗಲಾಟೆ ಎಲ್ಲ ಲೈನಿಗೇ ನುಗ್ಗುತ್ತೆ. ಒಂದೇ ಲೈನಲ್ವಾ, ಎಲ್ಲರ ಮನೆಗೂ ತೊಂದರೆ. ಪೂರ್ತಿ ಹೊಸ ಕೇಬಲ್ ಎಳೀಬೇಕು, ಮೇಲಿನವರಿಗೆ ಬರೆದಿದ್ದೀನಿ, ಯಾವತ್ತು ಆಗುತ್ತೋ ಗೊತ್ತಿಲ್ಲ" ಎಂದು ಹೇಳಿ ಅಭ್ಯಾಸಬಲದಿಂದ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದು ಇಟ್ಟುಬಿಟ್ಟ.

ಎಲ್ಲರ ಮನೆಗೂ ತೊಂದರೆ ಎಂಬ ಮಾತು ಅಕ್ಕನ ಕಿವಿಗೆ ಬಿತ್ತು. "ಅಯ್ಯೋ ತಂಗಿ, ತಿಂಗಳಿಂದ ನಮ್ಮ ಧಾರಾವಾಹಿ ಹೊಲಿದು ಹಾಕಿದ್ದು ನೀನೇನಾ?" ಎಂದರು. ಅದರಲ್ಲಿ ಬೈಗುಳ ಇರಲಿಲ್ಲ. ಆದರೂ ಹೆಂಡತಿಯ ಮುಖ ಸಣ್ಣಗಾಯಿತು. "ತಿಳೀದೇ ಆಗಿದ್ದು ಅಕ್ಕ" ಎಂದು ಬಟ್ಟೆ ಮಡಿಸತೊಡಗಿದಳು. ಸಾಹೇಬರು ಪ್ರೀತಿಯಿಂದ ಕೊಡಿಸಿದ ಮೆಷೀನೇ ಈಗ ಊಟಕ್ಕೆ ಕಲ್ಲು ಹಾಕಿತ್ತು. ನಿಲ್ಲಿಸು ಎನ್ನುವ ಬಾಯಿ ಅವರಿಗಿಲ್ಲ, ಹೊಲಿ ಎನ್ನುವ ಧೈರ್ಯವೂ ಇಲ್ಲ.

ದಾರಿ ಹುಡುಕಿದ್ದು ಹೆಂಡತಿಯೇ. ಅಂಗಡಿಗೆ ಫೋನು ಹಚ್ಚಿ ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿ ಬಂದಳು. "ಅಂಗಡಿಯವರು ವ್ಯಾನ್ ಕಳಿಸ್ತಾರಂತೆ. ಮೆಷೀನು ತಗೊಂಡು ಹೋಗಿ ಅಲ್ಲೇ ಕೂತು ಉಳಿದಿದ್ದು ಮುಗಿಸ್ತೀನಿ. ನೀವು ನಿಶ್ಚಿಂತೆಯಿಂದ ಮೀಟಿಂಗ್ ಮಾಡಿ."

ಈ ಗಲಾಟೆಯಲ್ಲಿ ಊಟದ ಹೊತ್ತು ಕಳೆದುಹೋಗಿತ್ತು. ಇಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ನಾಲ್ಕು ತುತ್ತು ತಿಂದರು. "ಇವತ್ತೊಂದು ದಿನ" ಎಂದರು ಸಾಹೇಬರು. "ಹೂಂ" ಎಂದಳು ಹೆಂಡತಿ. ವ್ಯಾನು ಬಂತು. ಮೆಷೀನು, ಮೇಜು, ಪರದೆಯ ಗಂಟು, ಹೆಂಡತಿ ಎಲ್ಲವೂ ಏರಿ ಹೊರಟುಹೋದವು. ಯಾವ ಅಂಗಡಿ, ಎಲ್ಲಿದೆ ಎಂದು ಸಾಹೇಬರು ಇಷ್ಟು ದಿನ ಕೇಳಿದವರಲ್ಲ. ಬಟ್ಟೆ ತಾನಾಗಿ ಬರುತ್ತಿತ್ತು, ಪರದೆ ತಾನಾಗಿ ಹೋಗುತ್ತಿತ್ತು. ಇವತ್ತೂ ಕೇಳಲಿಲ್ಲ.

ನಾಲ್ಕು ಗಂಟೆಗೆ ಮೀಟಿಂಗು ಶುರುವಾಯಿತು. ಏನು ಹೇಳಲಿ, ಚಿತ್ರ ಕನ್ನಡಿಯಂತೆ ಬಂತು. ಸಾಹೇಬರು ಮಾತಾಡಿದರೆ ತುಟಿಗೂ ಮಾತಿಗೂ ಕೂದಲೆಳೆಯ ಅಂತರವಿಲ್ಲ. ಒಡೆದ ಸಾಮಾನುಗಳ ತಿಂಗಳ ವರದಿಯನ್ನು ಅವರು ಗಟ್ಟಿ ದನಿಯಲ್ಲಿ, ಎಲ್ಲಿಯೂ ತಡವರಿಸದೆ ಓದಿದರು. ಬೇರೆಯವರೇ ನಡುನಡುವೆ ಚೌಕ ಚೌಕವಾಗಿ ಒಡೆದು ಹೋಗುತ್ತಿದ್ದರು. ಒಂದೇ ಒಂದು ತೊಂದರೆ ಎಂದರೆ ಚಿತ್ರ ತುಸು ಹೆಚ್ಚೇ ಚೆನ್ನಾಗಿತ್ತು.

"ಸಾಹೇಬ್ರೇ, ನಿಮ್ಮ ಹಿಂದೆ ಸೋಫಾ ಮೇಲೆ ಕೂತಿರೋರು ಯಾರು?" ಎಂದರು ಹೆಡ್ಡಾಫೀಸಿನ ಒಬ್ಬರು.

ಫಲಿತಾಂಶ ನೋಡಿಯೇ ಹೋಗುವುದೆಂದು ಪಟ್ಟು ಹಿಡಿದು ಕೂತಿದ್ದ ಮೇಷ್ಟ್ರು ಎದ್ದು ಮುಂದೆ ಬಂದು, "ನಮಸ್ಕಾರ. ನಾನು ಮೇಲಿನ ಮನೆಯವನು. ಇವರು ಎದುರು ಮನೆ ಅಕ್ಕ. ನೀವು ಮಾತು ಮುಂದುವರಿಸಿ, ನಮಗೆ ಬೇಜಾರಿಲ್ಲ" ಎಂದರು. ಅಕ್ಕ ಕೈಬೀಸಿದರು. ಸಾಹೇಬರು ಅವರನ್ನು ಸುಮ್ಮನಿರಿಸಲು ಗಾಬರಿಯಿಂದ ಎದ್ದು ನಿಂತರು. ಹಾಗೆ ಎದ್ದದ್ದರಿಂದ ಪೈಜಾಮದ ಹೂವುಗಳು, ಅವುಗಳ ಮೇಲೆ ಕೂತ ಚಿಟ್ಟೆಗಳ ಸಮೇತ, ಹೆಡ್ಡಾಫೀಸಿನ ತನಕ ಅರಳಿದವು.

ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕರು.

"ಪೈಜಾಮ ಏನಾದ್ರೂ ಇರ್ಲಿ, ನಿಮ್ಮ ಲೈನ್ ಮಾತ್ರ ಫಸ್ಟ್ ಕ್ಲಾಸ್ ಆಗಿದೆ. ನಮ್ಮೆಲ್ಲರಿಗಿಂತ ನಿಮ್ಮದೇ ಚೆನ್ನಾಗಿದೆ. ಸರಿ ಸಾಹೇಬ್ರೇ, ನೀವು ಖಾಯಮ್ಮಾಗಿ ಮನೆಯಿಂದಲೇ ಮಾಡಿ. ಇಲ್ಲಿ ಹೊಸಬರು ಸೇರ್ತಿದ್ದಾರೆ, ಕೂರಿಸೋಕೆ ಜಾಗ ಇಲ್ಲ. ನಿಮ್ಮ ಕುರ್ಚಿ ಅವರಿಗೆ ಕೊಟ್ಬಿಡ್ಲಾ? ಯೋಚಿಸಿ ಹೇಳಿ, ಒಂದ್ಸಲ ಕೊಟ್ಟ ಮೇಲೆ ವಾಪಸ್ ಸಿಗಲ್ಲ. ಲೈನ್ ಏನಾದ್ರೂ ಪೂರ್ತಿ ಕೆಟ್ಟುಹೋದ್ರೆ ಮಾತ್ರ ಬೇರೆ ಮಾತು."

ಸಾಹೇಬರ ಕಣ್ಣು ತೇವವಾಯಿತು. ಬಿಸಿ ಅನ್ನದ ಹಬೆಯಾಚೆ ಹೆಂಡತಿಯ ಮುಖ ಕಂಡಂತಾಯಿತು.

"ಯೋಚನೆ ಯಾಕೆ ಮೇಡಂ? ಈಗಲೇ ಕೊಟ್ಬಿಡಿ. ಇನ್ನು ಮೇಲೆ ನಾನು ಆಫೀಸಿನ ಕಡೆ ತಲೆ ಹಾಕಿಯೂ ಮಲಗಲ್ಲ."

ಮೀಟಿಂಗು ಮುಗಿಯಿತು. ಮೇಷ್ಟ್ರು ಸಾಹೇಬರ ಬೆನ್ನು ತಟ್ಟಿದರು. ಅಕ್ಕ ತಮ್ಮ ಮನೆಗೆ ಓಡಿ, ಟೀವಿ ಹಾಕಿ, ಧಾರಾವಾಹಿಯ ಸೊಸೆಗೆ ಏಟು ಸರಿಯಾದ ಹೊತ್ತಿಗೇ ಬಿತ್ತೆಂದು ಸಂತೋಷದಿಂದ ಕೂಗಿ ಹೇಳಿದರು.

ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಬಂದಳು. ದಣಿದಿದ್ದಳು, ಆದರೆ ಮುಖದಲ್ಲಿ ಏನೋ ಗೆಲುವು. ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದಳು. ಜತೆಗೆ ಮೆಷೀನು ಇರಲಿಲ್ಲ.

"ಮೆಷೀನೆಲ್ಲೇ?"

"ಅಲ್ಲೇ ಬಿಟ್ಟು ಬಂದೆ. ಕೂತ್ಕೊಳ್ಳಿ, ಹೇಳ್ತೀನಿ. ಆ ಮೆಷೀನು ಇಲ್ಲಿದ್ರೆ ನಿಮಗೂ ಕಷ್ಟ, ನಾಲ್ಕು ಮನೆಯವರಿಗೂ ಕಷ್ಟ. ಅಂಗಡಿಯವರು ಮೊದಲಿಂದಲೂ ಕರೀತಾನೇ ಇದ್ರು, ಬಂದು ನಮ್ಮಲ್ಲೇ ಕೂತು ಹೊಲೀರಿ ಅಂತ. ಇವತ್ತು ಒಪ್ಪಿಕೊಂಡೆ. ನಾಳೆಯಿಂದ ಬೆಳಿಗ್ಗೆ ಹೋಗಿ ಸಂಜೆ ಬರೋದು."

ಸಾಹೇಬರು ಊಟದ ಮೇಜಿನ ಕಡೆ ತಿರುಗಿದರು. "ಮಧ್ಯಾಹ್ನ ಊಟಕ್ಕೆ ಬರ್ತೀಯಲ್ಲ?"

"ಅದೇ ಅಲ್ವಾ ನಾನು ಹೇಳೋಕೆ ಹೊರಟಿದ್ದು" ಎಂದು ಹೆಂಡತಿ ಅವರ ಪಕ್ಕ ಕೂತಳು. "ಅವರದು ಎರಡು ಅಂಗಡಿ. ಒಂದು ನಮ್ಮ ಬೀದಿ ಕೊನೇಲೇ ಇದೆ. ಅಲ್ಲಿ ಕೂತ್ಕೊಳ್ಳಿ, ನಿಮಗೆ ಹತ್ತಿರ ಅಂದ್ರು. ನಾನು ಬೇಡ ಅಂದೆ. ಇನ್ನೊಂದು ಎಲ್ಲಿದೆ ಗೊತ್ತಾ? ನಿಮ್ಮ ಆಫೀಸಿನ ಎದುರಿಗೇ. ಕಿಟಕಿ ಪಕ್ಕ ಜಾಗ ಕೊಟ್ಟಿದ್ದಾರೆ, ತಲೆ ಎತ್ತಿದ್ರೆ ನಿಮ್ಮ ಆಫೀಸಿನ ಬಾಗಿಲು ಕಾಣುತ್ತೆ."

"ಅಷ್ಟು ದೂರ ಯಾಕೆ?"

"ಯಾಕೆ ಅಂದ್ರೆ? ಕೇಬಲ್ಲು ಹಳೇದು, ಜಾಯಿಂಟೆಲ್ಲ ಸಡಿಲ ಅಂತ ಕೇಬಲ್‌ನವನೇ ಹೇಳಿದ್ನಲ್ಲ, ಮೆಷೀನು ಹೋದ್ರೂ ನಂಬೋ ಹಾಗಿಲ್ಲ. ಬೆಳಿಗ್ಗೆ ನೀವು ಊಟದ ಮೇಜು ನೋಡಿದ್ದು ನನಗೆ ಗೊತ್ತಾಗ್ಲಿಲ್ವಾ? ನೀವು ಆಫೀಸಿಗೆ ಹೋಗೋದು ಖಂಡಿತ ಅಂದ್ಕೊಂಡೆ. ಹೋದ್ರೆ ಹೋಗ್ಲಿ, ಇಬ್ರೂ ಒಂದೇ ಬಸ್ಸಲ್ಲಿ ಹೋಗೋದು. ಮಧ್ಯಾಹ್ನ ನೀವು ರಸ್ತೆ ದಾಟಿ ಬಂದ್ಬಿಡಿ, ಅಂಗಡಿ ಹಿಂದೆ ಒಂದು ಪುಟ್ಟ ಕೋಣೆ ಇದೆ, ಬಿಸಿ ಮಾಡ್ಕೊಂಡು ಒಟ್ಟಿಗೆ ಊಟ ಮಾಡೋಣ. ಒಂದು ವರ್ಷ ಬಿಡಲ್ಲ ಅಂತ ಮಾತು ಕೊಟ್ಟು ಬಂದೆ. ಹತ್ತಿರದ ಜಾಗ ಆಗಲೇ ಬೇರೆಯವರಿಗೆ ಹೋಯ್ತು." ಹೇಳಿ ಮುಗಿಸಿ ಅವಳು ಗಂಡನ ಮುಖ ನೋಡಿದಳು. "ಅದಿರ್ಲಿ, ಮೀಟಿಂಗ್ ಏನಾಯ್ತು?"

ಸಾಹೇಬರು ನೆಲ ನೋಡುತ್ತ, ತಪ್ಪು ಮಾಡಿದ ಮಗುವಿನಂತೆ, "ಚೆನ್ನಾಗಾಯ್ತು" ಎಂದರು.

"ಎಷ್ಟು ಚೆನ್ನಾಗಿ?"

"ಕುರ್ಚಿ ಕೊಟ್ಬಿಟ್ಟೆ."

ಹೆಂಡತಿಗೆ ನಗುವೂ ಬಂತು, ಅಳುವೂ ಬಂತು. ಮೊದಲು ಬಂದದ್ದು ನಗು. "ನನ್ನ ಒಂದು ಮಾತು ಕೇಳ್ಬಾರ್ದಿತ್ತೇನ್ರೀ?" ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು. ಸಾಹೇಬರು ಅವಳ ಕೈ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡೇ ಥಟ್ಟನೆ ಎದ್ದು ನಿಂತರು.

"ಲೈನ್ ಪೂರ್ತಿ ಕೆಟ್ರೆ ಬೇರೆ ಮಾತು ಅಂದಿದ್ದಾರೆ ಮೇಡಂ."

"ಕೆಡಿಸೋ ಮೆಷೀನು ಅಲ್ಲಿದೆಯಲ್ರೀ."

"ಮನೇಲಿ ಬೇರೆ ಮೋಟಾರು ಇಲ್ವಾ?"

ಮುಂದಿನದು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಡೆಯಿತು. ಹೆಂಡತಿ ಅಡುಗೆಮನೆಯಿಂದ ಚಟ್ನಿಯಿದ್ದ ಜಾರಿನ ಸಮೇತ ಮಿಕ್ಸಿ ಹೊತ್ತು ತಂದಳು. ಸಾಹೇಬರು ಟೇಬಲ್ ಫ್ಯಾನು ತಂದರು. ಸುದ್ದಿ ಗೋಡೆ ದಾಟಿ ಅಕ್ಕ ಕೂದಲು ಒಣಗಿಸುವ ಯಂತ್ರದ ಜತೆ ಬಂದರು. ಧಾರಾವಾಹಿ ಮುಗಿದಿತ್ತಾದ್ದರಿಂದ ಈಗ ಲೈನು ಕೆಟ್ಟರೂ ಅವರ ಅಭ್ಯಂತರವಿರಲಿಲ್ಲ. ಮೇಷ್ಟ್ರು ಗೋಡೆ ಕೊರೆಯುವ ಡ್ರಿಲ್ಲಿನೊಂದಿಗೆ ಇಳಿದು ಬಂದು, ಯಾವ ದಿಕ್ಕಿಗೆ ಹಿಡಿದರೆ ಹೆಚ್ಚು ಹಾನಿ ಎಂದು ವಿವರಿಸತೊಡಗಿದರು. ಎಲ್ಲವನ್ನೂ ಮೋಡೆಮಿನ ಸುತ್ತ ಜೋಡಿಸಿ ಒಟ್ಟಿಗೆ ಸ್ವಿಚ್ಚು ಒತ್ತಿದರು. ಮನೆ ಗಿರಣಿಯಾಯಿತು. ಸಾಹೇಬರು ಕೋಟಿನ ಕಾಲರ್ ಸರಿಮಾಡಿಕೊಂಡು, ಮುಖದ ಮೇಲೆ ಆದಷ್ಟು ದುಃಖ ತಂದುಕೊಂಡು ಮೇಡಮ್ಮಿಗೆ ವಿಡಿಯೊ ಕರೆ ಮಾಡಿದರು. ಹೊಲಿಗೆ ಮೆಷೀನಿಗೆ ಹೆದರಿ ಪ್ರಾಣ ಬಿಡುತ್ತಿದ್ದ ಆ ಲೈನು ಇವುಗಳಲ್ಲಿ ಒಂದಕ್ಕೂ ಸೊಪ್ಪು ಹಾಕಲಿಲ್ಲ.

"ಮೇಡಂ, ಮತ್ತೆ ನೆಟ್ ಕೆಟ್ಟಿದೆ ಮೇಡಂ" ಎಂದು ಸಾಹೇಬರು ಗದ್ದಲದ ಮೇಲೆ ಗಂಟಲೇರಿಸಿ ಕೂಗಿದರು. "ನನ್ನ ಮಾತೂ ಕೇಳಿಸ್ತಿಲ್ಲ ಅನ್ಸುತ್ತೆ, ಮುಖಾನೂ ಕಾಣ್ತಿಲ್ಲ ಅನ್ಸುತ್ತೆ. ಆ ಕುರ್ಚಿ ನನಗೇ ಇರ್ಲಿ ಮೇಡಂ."

ಮೇಡಂ ಕನ್ನಡಕ ಮೂಗಿನ ಮೇಲೇರಿಸಿ ಸ್ಕ್ರೀನಿಗೆ ಹತ್ತಿರ ಬಂದರು.

"ಎಲ್ಲಾ ಕಾಣ್ತಿದೆ ಸಾಹೇಬ್ರೇ" ಎಂದರು. "ಆ ಮಿಕ್ಸಿ ಮುಚ್ಚಳ ಸರಿಯಾಗಿ ಕೂತಿಲ್ಲ ನೋಡಿ, ಒಂಚೂರು ಒತ್ತಿ ಹಾಕಿ, ಚೆಲ್ಲುತ್ತೆ."